ಹಸಿರುಮನೆಯ ಟೊಮೆಟೊ ಹಣ್ಣಿನ ಗುಣವೂ ಋತುಮಾನವೂ

ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯು ಸಹ್ಯಾದ್ರಿಯನ್ನು ದಾಟಿ ಕೆಳಗಿಳಿಯುವ ಎಡೆಯಲ್ಲಿ, ಜೋಯಿಡಾ ತಾಲ್ಲೂಕಿನ ಗಡಿಗ್ರಾಮವಾದ ಅನಮೋಡವಿದೆ. ಗೋವೆಯ ಪೇಟೆಗಳಿಗೆ ಬೇಕಾಗುವ ಕಾಯಿಪಲ್ಯದ ಬಹುಭಾಗವು ಬೆಳಗಾವಿಯ ಸೀಮೆಯಿಂದಲೇ ಹೋಗತಕ್ಕದ್ದು. ಟೊಮೆಟೊ ತುಂಬಿದ ಗಾಡಿಗಳು ಘಟ್ಟವನ್ನಿಳಿಯುವುದನ್ನು ಅನಮೋಡ, ತಿನೈಘಾಟ, ಕ್ಯಾಸಲ್‌ರಾಕ್ ಕಡೆಯ ಜನರು ಕಾಣುತ್ತಲೇ ಇರುವರು. ದೂರದ ಹೊಲದ ಹಣ್ಣು ತಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿರುವಾಗ, ಅದನ್ನು ಇಲ್ಲಿಯೇ ಏಕೆ ಬೆಳೆಯಬಾರದೆಂಬ ಪ್ರಶ್ನೆಯು ಭೂಮಾಲೀಕರ ಮನಸ್ಸಿನಲ್ಲಿ ಏಳುವುದು ಸಹಜವಾಗಿದೆ.

ಮಳೆಗಾಲದಲ್ಲಿ ಬಯಲಿನ ಟೊಮೆಟೊ ಈ ಸೀಮೆಗೆ ಹೇಳಿದ ಬೆಳೆಯಲ್ಲ. ಎಡೆಬಿಡದ ಮಳೆಗೆ ಹೂವು ಉದುರಿ, ಅಂಗಮಾರಿ ರೋಗವು ತಗುಲಿ, ಗಿಡವು ಕೆಲವೇ ದಿನಗಳಲ್ಲಿ ಕಪ್ಪಾಗುವುದು. ಆದಕಾರಣ ಪಾಲಿಥೀನ್ ಹಾಳೆಯನ್ನು ಹೊದಿಸಿದ ಹಸಿರುಮನೆಯನ್ನು, ಅಂದರೆ ಪಾಲಿಹೌಸನ್ನು ಕಟ್ಟಿ, ಅದರೊಳಗೆ ಮಣ್ಣಿನ ಸಂಬಂಧವಿಲ್ಲದೆ ಗೊಬ್ಬರದ ದ್ರಾವಣದಿಂದ ಟೊಮೆಟೊ ಬೆಳೆಯುವ ಕ್ರಮದ ಕಡೆಗೆ ಕೆಲವರ ಲಕ್ಷ್ಯವು ಹರಿದಿದೆ. ಮಳೆಯು ಹೊರಗೆ ಉಳಿಯುವುದು, ಬೆಳೆಯು ಒಳಗೆ ಇರುವುದು, ಇನ್ನು ಋತುವಿನ ಹಂಗೇಕೆ ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆಯಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದೆ ಭೂಮಿಯನ್ನು ಒತ್ತೆಯಿಟ್ಟು ಸಾಲ ಮಾಡಿದವರಿಗೆ ನಷ್ಟವು ತಪ್ಪದು. ಹಸಿರುಮನೆಯು ಮಳೆಯ ಹನಿಯನ್ನು ತಡೆಯಬಲ್ಲದು. ಬೆಳಕಿನ ಕೊರತೆಯನ್ನಾಗಲಿ, ಗಾಳಿಯ ತೇವವನ್ನಾಗಲಿ, ಬೇಸಿಗೆಯ ಕಾವನ್ನಾಗಲಿ ತಡೆಯಲಾರದು. ಹಣ್ಣಿನ ಗುಣವು ನಿರ್ಧಾರವಾಗುವುದು ಈ ಮೂರರಿಂದಲೇ.

ಮಣ್ಣಿಲ್ಲದ ಬೇಸಾಯದ ಹಿನ್ನೆಲೆ

ಲವಣಗಳನ್ನು ಕರಗಿಸಿದ ನೀರಿನಲ್ಲಿಯೇ ಗಿಡಗಳನ್ನು ಬೆಳೆಸಬಹುದೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಎಂಬ ಶಾಸ್ತ್ರಜ್ಞರು ಸಿದ್ಧಪಡಿಸಿದರು. ೧೯೨೯ ರಿಂದ ಮುಂದೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕ್ ಎಂಬವರು ಟೊಮೆಟೊ ಮೊದಲಾದವುಗಳನ್ನು ಈ ರೀತಿಯಾಗಿ ದೊಡ್ಡ ತೊಟ್ಟಿಗಳಲ್ಲಿ ಬೆಳೆದು, ೧೯೩೭ ರಲ್ಲಿ ಈ ಬೇಸಾಯಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ಭಾರತದಲ್ಲಿ ೧೯೪೬ ರಲ್ಲಿ ಶೋಲ್ಟೊ ಡಗ್ಲಸ್ ಎಂಬವರು ಬಂಗಾಳದ ಕಾಲಿಂಪಾಂಗಿನಲ್ಲಿ ಇದರ ಪ್ರಯೋಗಗಳನ್ನು ಆರಂಭಿಸಿದರು. ಕರ್ನಾಟಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟಿನಲ್ಲಿ, ತರಕಾರಿ ಬೆಳೆಯುವ ಕ್ರಮವನ್ನು ರೂಢಿಸಿ, ಅದಕ್ಕೆ ತಕ್ಕ ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ಪೋಷಕ ದ್ರಾವಣವನ್ನೂ ಒದಗಿಸಿದೆ.

ಹಣ್ಣಿನ ಗುಣವೆಂದರೇನು?

ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ ೯೪ ರಿಂದ ೯೫ ಪಾಲು ನೀರೇ ಆಗಿರುತ್ತದೆ. ಉಳಿದ ಅಲ್ಪ ಭಾಗದಲ್ಲಿ ಸಕ್ಕರೆಯ ಅಂಶವೂ ಹುಳಿಯ ಅಂಶವೂ ಮುಖ್ಯವಾದವು. ರುಚಿಯೆಂಬುದು ಇವೆರಡರ ಹೊಂದಿಕೆ. ಸಕ್ಕರೆಯು ಎಲೆಗಳಲ್ಲಿ ಬಿಸಿಲಿನ ಬಲದಿಂದ ತಯಾರಾಗಿ ಹಣ್ಣಿಗೆ ಹರಿದು ಬರುವುದು. ಗೊಬ್ಬರದ ದ್ರಾವಣದಲ್ಲಿ ಸಕ್ಕರೆಯಿಲ್ಲ. ಎಷ್ಟು ಒಳ್ಳೆಯ ದ್ರಾವಣವನ್ನು ಕೊಟ್ಟರೂ ಬೆಳಕಿಲ್ಲದೆ ಸಿಹಿಯು ಬಾರದು. ಹಸಿರುಮನೆಯ ಬೇಸಾಯದಲ್ಲಿ, ಬೆಳಕು ನೂರಕ್ಕೆ ಒಂದು ಪಾಲು ಕುಗ್ಗಿದರೆ ಫಸಲೂ ಹೆಚ್ಚು ಕಡಿಮೆ ಒಂದು ಪಾಲು ಕುಗ್ಗುವುದೆಂದು ಸ್ಥೂಲವಾಗಿ ಲೆಕ್ಕ ಹಾಕುವರು.

ಹಣ್ಣಿನ ಕೆಂಪು ಬಣ್ಣಕ್ಕೆ ಲೈಕೊಪೀನ್ ಎಂಬ ವಸ್ತುವು ಕಾರಣ. ಸೆಂಟಿಗ್ರೇಡ್ ಮಾನದಲ್ಲಿ ೧೮ ರಿಂದ ೨೫ ಡಿಗ್ರಿಯವರೆಗಿನ ಕಾವಿನಲ್ಲಿ ಇದು ಚೆನ್ನಾಗಿ ಉತ್ಪನ್ನವಾಗುವುದು. ಕಾವು ೩೦ ಡಿಗ್ರಿಯನ್ನು ಮೀರಿ ನಿಂತರೆ ಇದರ ಉತ್ಪತ್ತಿಯು ತಗ್ಗುವುದು; ಆದರೆ ಹಳದಿ ಬಣ್ಣದ ವಸ್ತುವು ಮಾತ್ರ ಬೆಳೆಯುತ್ತಲೇ ಇರುವುದರಿಂದ ಹಣ್ಣು ಕೆಂಪಾಗದೆ ಕಿತ್ತಳೆ ಬಣ್ಣದಲ್ಲಿಯೇ ನಿಲ್ಲುವುದು. ಇವಲ್ಲದೆ ಹಣ್ಣಿನ ಗಟ್ಟಿತನ, ಸಿಪ್ಪೆಯ ದೃಢತೆ, ಒಳಗಿನ ತಿರುಳು ತುಂಬಿರುವಿಕೆ, ಆಕಾರದ ಚೆಲುವು ಇವೂ ಗುಣದ ಅಂಗಗಳು. ಘಟ್ಟವನ್ನಿಳಿದು ಪೇಟೆಗೆ ಹೋಗಬೇಕಾದ ಹಣ್ಣಿಗೆ ಗಟ್ಟಿತನವು ರುಚಿಯಷ್ಟೇ ಅಗತ್ಯವಾಗಿದೆ.

ಹಣ್ಣು ಹೇಳುವ ಹಿಂದಿನ ಏಳು ವಾರಗಳ ಸಂಗತಿ

ಹೂವು ಕಾಯಾಗಿ ನಿಂತ ದಿನದಿಂದ ಹಣ್ಣಾಗುವ ವರೆಗೆ ಸೆಕೆಯ ಕಾಲದಲ್ಲಿ ಸುಮಾರು ೪೦ ದಿನಗಳೂ, ಚಳಿಯ ಕಾಲದಲ್ಲಿ ೫೫ ರಿಂದ ೬೦ ದಿನಗಳೂ ಹಿಡಿಯುವವು. ಸರಾಸರಿ ಏಳು ವಾರಗಳೆಂದು ತಿಳಿಯಬಹುದು. ಆದುದರಿಂದ ಬುಟ್ಟಿಯಲ್ಲಿರುವ ಹಣ್ಣು ಕೊಯ್ದ ದಿನದ ಹವೆಯ ಫಲವಲ್ಲ, ಅದಕ್ಕೆ ಹಿಂದಿನ ಏಳು ವಾರಗಳ ಹವೆಯ ಫಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ತಾನಾಗಿ ತಿಳಿಯುವುದು.

ಜುಲೈ ತಿಂಗಳ ಆರಂಭದಲ್ಲಿ, ಪುನರ್ವಸು ಮಳೆಯ ವೇಳೆಗೆ, ಹಣ್ಣು ಬೇಕೆಂದು ಒಬ್ಬ ಭೂಮಾಲೀಕನು ಯೋಚಿಸಿದನೆಂದು ಇಟ್ಟುಕೊಳ್ಳೋಣ. ಆ ಹಣ್ಣಿನ ಹೂವು ಮೇ ತಿಂಗಳ ಮಧ್ಯದಲ್ಲಿ ಅರಳಿ, ಹಸಿರುಮನೆಯೊಳಗಿನ ಕಡುಸೆಕೆಯಲ್ಲಿ ಕಾಯಿ ಕಚ್ಚಬೇಕು. ಆ ಕಾಯಿ ಜೂನ್ ತಿಂಗಳ ಮೋಡದ ಕತ್ತಲೆಯಲ್ಲಿ ತುಂಬಬೇಕು. ಹೂವಿಗೆ ಕೆಟ್ಟ ಕಾಲವೂ ಕಾಯಿಗೆ ಕೆಟ್ಟ ಕಾಲವೂ ಒಂದರ ಬೆನ್ನಿಗೆ ಒಂದು ಬಂದಂತಾಯಿತು. ಜನವರಿ ತಿಂಗಳ ಹಣ್ಣಾದರೋ ನವೆಂಬರಿನ ಹಿತವಾದ ಹವೆಯಲ್ಲಿ ಕಚ್ಚಿ, ಡಿಸೆಂಬರಿನ ತಿಳಿಬಿಸಿಲಿನಲ್ಲಿ ತುಂಬುವುದು. ಒಂದೇ ಮನೆ, ಒಂದೇ ಬೀಜ, ಒಂದೇ ದ್ರಾವಣವಿದ್ದರೂ ಈ ಎರಡು ಹಣ್ಣುಗಳು ಒಂದೇ ಬೆಲೆಗೆ ಮಾರಾಟವಾಗತಕ್ಕವಲ್ಲ.

ಮಳೆಗಾಲದ ಹಣ್ಣು

ಮೃಗಶಿರೆಯಿಂದ ಮಘೆಯ ಕೊನೆಯ ವರೆಗೆ ಘಟ್ಟದ ತಲೆಯ ಮೇಲೆ ಸೂರ್ಯದರ್ಶನವೇ ಅಪರೂಪ. ಇದ್ದ ಬೆಳಕಿನಲ್ಲಿಯೂ ಒಂದು ಪಾಲನ್ನು ಮೇಲಿನ ಹಾಳೆಯು ತಡೆಯುವುದು. ಹಾಳೆಯ ಮೇಲೆ ಪಾಚಿ ಕಟ್ಟಿದರೆ ತಡೆಯು ಇನ್ನೂ ಹೆಚ್ಚುವುದು. ಇದರ ಪರಿಣಾಮವಾಗಿ ಗಿಡವು ಸಪೂರವಾಗಿ ಎತ್ತರಕ್ಕೆ ಬೆಳೆದು, ಹಣ್ಣು ಸಪ್ಪೆಯಾಗಿಯೂ ಮೆತ್ತಗಾಗಿಯೂ ಇರುವುದು. ಎಷ್ಟೋ ಹಣ್ಣುಗಳು ಹೊರಗೆ ಮೂಲೆ ಮೂಲೆಯಾಗಿಯೂ ಒಳಗೆ ಟೊಳ್ಳಾಗಿಯೂ ಕಾಣಬರುವವು.

ಎರಡನೆಯ ತೊಂದರೆಯು ತೇವದ್ದು. ಗಾಳಿಯ ತೇವವು ನೂರಕ್ಕೆ ೬೦ ರಿಂದ ೮೦ ರ ವರೆಗೆ ಇರುವುದು ಟೊಮೆಟೊ ಗಿಡಕ್ಕೆ ಹಿತ. ಅದು ೯೦ ನ್ನು ಸಮೀಪಿಸಿದರೆ ಹೂವಿನ ಪರಾಗವು ಅಂಟುಕಟ್ಟಿ ಉದುರದೆ ಹೋಗಿ, ಹೂವು ಕಾಯಾಗುವುದಿಲ್ಲ. ಆದರೂ ಬೀಜ ಕಡಿಮೆಯಾದ ಸೊಟ್ಟ ಕಾಯಿಯಾಗುವುದು. ಎಲೆಗಳು ನೀರನ್ನು ಆವಿಯಾಗಿ ಬಿಡಲಾರದ ಕಾರಣ ಬೇರಿನಿಂದ ಮೇಲಕ್ಕೆ ಹರಿಯುವ ರಸದ ಓಟವು ನಿಧಾನವಾಗುವುದು. ಆದರೆ ರಾತ್ರಿಯಲ್ಲಿ ಬೇರುಗಳು ನೀರನ್ನು ಒತ್ತಿ ಕಳುಹಿಸುತ್ತಲೇ ಇರುವುದರಿಂದ ಬಲಿತ ಹಣ್ಣುಗಳು ಬೆಳಗಾಗುವಷ್ಟರಲ್ಲಿ ಬಿರಿದಿರುವುದುಂಟು. ಬೂದು ಬೂಷ್ಟು, ಎಲೆಯ ಬೂಷ್ಟು, ಅಂಗಮಾರಿ ಈ ರೋಗಗಳೂ ಇಂಥ ಹವೆಗಾಗಿಯೇ ಕಾದಿರುವವು.

ಮಳೆಗಾಲದಲ್ಲಿ ಬೆಳೆಯನ್ನು ಉಳಿಸಿಕೊಳ್ಳಲೇಬೇಕಾದವರು ಅನುಸರಿಸತಕ್ಕ ಕ್ರಮಗಳು ಇವು. ಒಂದೊಂದು ಗೊಂಚಲಿನಲ್ಲಿ ಮೂರು ನಾಲ್ಕು ಕಾಯಿಗಳನ್ನು ಮಾತ್ರ ಇಟ್ಟು ಉಳಿದುವನ್ನು ಎಳೆಯದರಲ್ಲಿಯೇ ಚಿವುಟಬೇಕು; ಇದ್ದಷ್ಟು ಸಕ್ಕರೆಯು ಕೆಲವೇ ಕಾಯಿಗಳಿಗೆ ಹಂಚಿಕೆಯಾಗಲಿ. ಬುಡದ ಹಳೆಯ ಎಲೆಗಳನ್ನು ತೆಗೆದು ಗಾಳಿಯಾಡಲು ದಾರಿ ಮಾಡಬೇಕು. ಕೀಟ ತಡೆಯುವ ಬಲೆಯೊಳಗೆ ದುಂಬಿಗಳು ಬಾರವು. ಆದುದರಿಂದ ದಿನ ಬಿಟ್ಟು ದಿನ, ಗಾಳಿಯು ಕೊಂಚ ಒಣಗಿರುವ ನಡುಹಗಲಿನಲ್ಲಿ, ಗಿಡ ಕಟ್ಟಿದ ತಂತಿಗಳನ್ನು ಕೋಲಿನಿಂದ ಮೆಲ್ಲನೆ ತಟ್ಟಿ ಹೂವುಗಳನ್ನು ಅಲುಗಿಸಬೇಕು. ಸಂಜೆಗೆ ಮೂರು ನಾಲ್ಕು ಗಂಟೆಗಳಿರುವಾಗಲೇ ನೀರು ಕೊಡುವುದನ್ನು ನಿಲ್ಲಿಸಬೇಕು. ಇಷ್ಟು ಮಾಡಿದರೆ ಕೊಳೆತವು ಕಡಿಮೆಯಾಗುವುದು. ಚಳಿಗಾಲದ ರುಚಿಯು ಮಾತ್ರ ಬಾರದು.

ಚಳಿಗಾಲದ ಹಣ್ಣು

ಸ್ವಾತಿಯ ಮಳೆ ಕಳೆದ ಮೇಲೆ ಆಕಾಶವು ತಿಳಿಯಾಗಿ, ಹಗಲು ಬಿಸಿಲೂ ರಾತ್ರಿ ತಂಪೂ ಇರುವ ಕಾಲವು ಬರುವುದು. ಎಲೆಗಳು ಹಗಲಿನಲ್ಲಿ ತಯಾರಿಸಿದ ಸಕ್ಕರೆಯು ತಂಪಾದ ರಾತ್ರಿಯಲ್ಲಿ ವ್ಯರ್ಥವಾಗಿ ವೆಚ್ಚವಾಗದೆ ಹಣ್ಣಿನಲ್ಲಿ ಸಂಗ್ರಹವಾಗುವುದು. ಕಾಯಿ ನಿಧಾನವಾಗಿ ಮಾಗುವುದರಿಂದ ತಿರುಳು ತುಂಬಿ, ಬಣ್ಣವು ಸಮನಾಗಿ ಏರಿ, ಸಿಪ್ಪೆಯು ಗಟ್ಟಿಯಾಗುವುದು. ಈ ಸೀಮೆಯಲ್ಲಿ ಡಿಸೆಂಬರಿನಿಂದ ಮಾರ್ಚಿಯ ವರೆಗಿನ ಹಣ್ಣು ವರ್ಷದಲ್ಲಿಯೇ ಉತ್ತಮವಾದದ್ದಾಗತಕ್ಕದ್ದು.

ಈ ಕಾಲದಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ರಾತ್ರಿಯ ಕಾವು ೧೨ ಡಿಗ್ರಿಗಿಂತ ಕೆಳಗಿಳಿದ ದಿನಗಳಲ್ಲಿ ಹೂವಿನ ಭಾಗಗಳು ಸರಿಯಾಗಿ ರೂಪುಗೊಳ್ಳದೆ, ಮುಂದೆ ಸುಕ್ಕು ಸುಕ್ಕಾದ, ಗಾಯ ಮಾಯ್ದಂತೆ ಕಾಣುವ ಹಣ್ಣುಗಳಾಗುವವು. ಅಂಥ ರಾತ್ರಿಗಳಲ್ಲಿ ಪಕ್ಕದ ಪರದೆಗಳನ್ನು ಸಂಜೆಯೇ ಇಳಿಸಬೇಕು. ಎರಡನೆಯದು ಮಂಜು. ಪರದೆಯನ್ನು ಮುಚ್ಚಿದ ಮನೆಯಲ್ಲಿ ಬೆಳಗಿನ ಹೊತ್ತು ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕಿ, ಹಣ್ಣುಗಳ ಮೇಲೂ ಹನಿ ಕಟ್ಟುವುದು. ಬೂದು ಬೂಷ್ಟು ಹಿಡಿಯಲು ಕೆಲವು ಗಂಟೆಗಳ ಕಾಲ ಇಂಥ ತೇವವಿದ್ದರೆ ಸಾಕು. ಬಿಸಿಲೇರುವ ಮುನ್ನವೇ ಮೇಲಿನ ಗಾಳಿಕಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು ಒಳಗಿನ ತೇವವನ್ನು ಹೊರಗೆ ಬಿಡುವುದು ಒಳ್ಳೆಯದು.

ಬೇಸಿಗೆಯ ಹಣ್ಣು

ಮಾರ್ಚಿಯ ನಂತರ ಬೆಳಕಿಗೆ ಕೊರತೆಯಿಲ್ಲ, ಕಾವಿಗೆ ಮಿತಿಯಿಲ್ಲ. ಹೊರಗೆ ೩೪ ಡಿಗ್ರಿಯಿದ್ದಾಗ, ಗಾಳಿಯಾಡದ ಹಸಿರುಮನೆಯೊಳಗೆ ೪೦ ಡಿಗ್ರಿಯನ್ನು ಮೀರುವುದು ಕಷ್ಟವಲ್ಲ. ಹಗಲು ೩೨ ಡಿಗ್ರಿಯನ್ನೂ ರಾತ್ರಿ ೨೧ ಡಿಗ್ರಿಯನ್ನೂ ಮೀರಿದ ಕಾವು ಹಲವು ದಿನ ನಿಂತರೆ ಪರಾಗದ ಶಕ್ತಿಯು ಕುಂದಿ ಹೂವುಗಳು ಉದುರುವವು. ಕಚ್ಚಿದ ಕಾಯಿಗಳು ಬೇಗನೆ ಮಾಗುವುದರಿಂದ ಸಣ್ಣವಾಗಿಯೇ ಉಳಿಯುವವು. ಬಣ್ಣವು ಕಿತ್ತಳೆಯಲ್ಲಿ ನಿಲ್ಲುವುದನ್ನು ಮೇಲೆಯೇ ಹೇಳಿದೆ. ನೇರ ಬಿಸಿಲು ತಾಗಿದ ಹೆಗಲಿನ ಭಾಗವು ಬೆಳ್ಳಗಾಗಿ ಬೆಂದಂತಾಗುವುದು.

ಬೇಸಿಗೆಯ ಮುಖ್ಯ ದೋಷವು ಹಣ್ಣಿನ ತುದಿ ಕೊಳೆಯುವುದು. ಇದು ಕೀಟದಿಂದಲೂ ರೋಗಾಣುವಿನಿಂದಲೂ ಬರುವುದಲ್ಲ. ಔಷಧಿ ಸಿಂಪಡಿಸಿದರೆ ಹೋಗುವುದೂ ಇಲ್ಲ. ಸುಣ್ಣದ ಅಂಶವು ಗಿಡದೊಳಗೆ ನೀರಿನ ಓಟದ ಜೊತೆಗೆ ಮಾತ್ರ ಚಲಿಸತಕ್ಕದ್ದು. ಕಡುಬಿಸಿಲಿನಲ್ಲಿ ಎಲೆಗಳು ನೀರನ್ನೆಲ್ಲಾ ತಮ್ಮ ಕಡೆಗೆ ಎಳೆದುಕೊಳ್ಳುವುದರಿಂದ ಹಣ್ಣಿನ ತುದಿಗೆ ಸುಣ್ಣದ ಅಂಶವು ಮುಟ್ಟದೆ, ಆ ಭಾಗವು ಕಪ್ಪಾಗಿ ಚರ್ಮದಂತೆ ಒಣಗುವುದು. ದ್ರಾವಣದಲ್ಲಿ ಸುಣ್ಣದ ಅಂಶವು ಸಾಕಷ್ಟಿದ್ದರೂ, ದ್ರಾವಣವು ಅತಿ ಗಾಢವಾಗಿದ್ದರೆ ಅಥವಾ ನೀರು ಕೊಡುವುದರಲ್ಲಿ ಒಂದು ಹೊತ್ತು ತಪ್ಪಿದರೆ ಈ ದೋಷವು ಕಾಣಿಸಿಕೊಳ್ಳುವುದು. ಆದುದರಿಂದ ಬೇಸಿಗೆಯಲ್ಲಿ ದ್ರಾವಣವನ್ನು ತೆಳುವಾಗಿಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ನಡುಹಗಲಿನಲ್ಲಿ ನೆರಳು ಪರದೆಯನ್ನು ಎಳೆಯಬೇಕು. ಮೂರು ಗಂಟೆಯ ಬಳಿಕ ಅದನ್ನು ಸರಿಸಬೇಕು.

ದ್ರಾವಣದ ತೊಟ್ಟಿಯೂ ತಂಪಾಗಿರಬೇಕು. ೨೦ ಡಿಗ್ರಿಯ ಒಂದು ಲೀಟರು ನೀರಿನಲ್ಲಿ ಸುಮಾರು ೯ ಮಿಲಿಗ್ರಾಮಿನಷ್ಟು ಆಮ್ಲಜನಕವು ಕರಗಿರಬಲ್ಲದು. ೩೦ ಡಿಗ್ರಿಯಲ್ಲಿ ಅದು ಸುಮಾರು ೭½ ಕ್ಕೆ ಇಳಿಯುವುದು. ಬೇರುಗಳಿಗೆ ಆಮ್ಲಜನಕವು ಹೆಚ್ಚಾಗಿ ಬೇಕಾದ ಕಾಲದಲ್ಲಿಯೇ ನೀರು ಅದನ್ನು ಕಡಿಮೆ ಹಿಡಿಯುವುದೆಂದಾಯಿತು. ಬೇರು ಕೊಳೆಯುವ ರೋಗಕ್ಕೆ ಇದೇ ದಾರಿ. ತೊಟ್ಟಿಯನ್ನು ನೆಲದೊಳಗೆ ಹೂಳುವುದು, ಅದರ ಮೇಲೆ ನೆರಳು ಮಾಡುವುದು, ಕೊಳವೆಗಳನ್ನು ಬಿಸಿಲಿಗೆ ಬಿಡದಿರುವುದು, ಇವು ಖರ್ಚಿಲ್ಲದ ಉಪಾಯಗಳು.

ದ್ರಾವಣವನ್ನು ಋತುವಿಗೆ ಹೊಂದಿಸುವ ಕ್ರಮ

ದ್ರಾವಣದ ಗಾಢತೆಯನ್ನು ಅದರ ವಿದ್ಯುದ್ವಾಹಕತೆಯಿಂದ, ಇ.ಸಿ. ಮೀಟರು ಎಂಬ ಸಣ್ಣ ಉಪಕರಣದಿಂದ ಅಳೆಯುವರು. ಗಾಢತೆ ಹೆಚ್ಚಿದಂತೆ ಗಿಡವು ನೀರನ್ನು ಕಡಿಮೆ ಹೀರುವುದು. ಹಣ್ಣು ಸಣ್ಣದಾದರೂ ರುಚಿಯು ಏರುವುದು. ಗಾಢತೆ ಇಳಿದಂತೆ ಹಣ್ಣು ದಪ್ಪವಾಗಿ ರುಚಿಯು ಇಳಿಯುವುದು. ಹಣ್ಣು ಬಿಡುವ ಗಿಡಗಳಿಗೆ ಸಾಮಾನ್ಯವಾಗಿ ಈ ಪ್ರಮಾಣಗಳು ಒಪ್ಪುವವು:

ಮಳೆಗಾಲದಲ್ಲಿ ೩·೦ ರಿಂದ ೩·೫ ಮಿಲಿಸೀಮನ್ಸ್. ನೀರಿನ ಸರದಿಗಳು ಕಡಿಮೆ. ಸಾರಜನಕವು ಕಡಿಮೆ, ಪೊಟ್ಯಾಷ್ ಹೆಚ್ಚು.

ಚಳಿಗಾಲದಲ್ಲಿ ೨·೫ ರಿಂದ ೩·೦ ಮಿಲಿಸೀಮನ್ಸ್, ಸಾಧಾರಣ ಸರದಿಗಳು.

ಬೇಸಿಗೆಯಲ್ಲಿ ೧·೮ ರಿಂದ ೨·೨ ಮಿಲಿಸೀಮನ್ಸ್. ಸಣ್ಣ ಸಣ್ಣ ಸರದಿಗಳು ಹಲವು.

ದ್ರಾವಣದ ರಸಸಾರವು, ಅಂದರೆ ಪಿ.ಎಚ್. ಮೌಲ್ಯವು, ಎಲ್ಲ ಕಾಲದಲ್ಲಿಯೂ ೫·೫ ರಿಂದ ೬·೫ ರೊಳಗಿರಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟು ಮತ್ತು ಫಾಸ್ಫೇಟು ಗೊಬ್ಬರಗಳೊಡನೆ ಗಾಢವಾದ ಸ್ಥಿತಿಯಲ್ಲಿ ಒಂದೇ ತೊಟ್ಟಿಗೆ ಹಾಕಕೂಡದು. ಹಾಕಿದರೆ ಅವು ಕೂಡಿ ಗಸಿಯಾಗಿ ತಳಕ್ಕಿಳಿದು, ಗಿಡಕ್ಕೆ ದೊರೆಯದೆ ಕೊಳವೆಗಳನ್ನು ಕಟ್ಟುವವು. ಎರಡು ಬೇರೆ ತೊಟ್ಟಿಗಳಲ್ಲಿ ಕರಗಿಸಿ, ನೀರು ಬೆರೆಸುವಾಗ ಮಾತ್ರ ಕೂಡಿಸಬೇಕು. ಕೊಟ್ಟ ದ್ರಾವಣದಲ್ಲಿ ನೂರಕ್ಕೆ ೨೦ ರಿಂದ ೩೦ ಪಾಲು ಚೀಲಗಳ ಕೆಳಗೆ ಬಸಿದು ಹೊರಬರುವಂತಿರಬೇಕು. ಬಸಿದ ನೀರಿನ ಗಾಢತೆಯನ್ನು ದಿನವೂ ಅಳೆದು, ಕೊಟ್ಟುದಕ್ಕಿಂತ ಅದು ೧ ಮಿಲಿಸೀಮನ್ಸಿಗಿಂತ ಹೆಚ್ಚಾಗಿ ಏರಿದ್ದರೆ, ಚೀಲದಲ್ಲಿ ಲವಣವು ಕೂಡುತ್ತಿದೆಯೆಂದು ತಿಳಿದು ನೀರಿನ ಪ್ರಮಾಣವನ್ನು ಹೆಚ್ಚಿಸಬೇಕು. ಬಸಿದ ನೀರನ್ನು ಹಳ್ಳಕ್ಕೆ ಬಿಡಕೂಡದು. ಅದೇ ಹಳ್ಳದ ನೀರನ್ನು ಕೆಳಗಿನ ಊರಿನವರು ಕುಡಿಯಬಹುದು. ಅಡಿಕೆ, ತೆಂಗು, ಬಾಳೆಯ ತೋಟಕ್ಕೆ ಅದನ್ನು ಹಾಯಿಸಿದರೆ ಗೊಬ್ಬರವೂ ಉಳಿಯುವುದು.

ಮಳೆಯ ನೀರೆಂಬ ಸಂಪತ್ತು

ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಲವಣವು ಹೆಚ್ಚಾಗಿದ್ದು, ಮಣ್ಣಿಲ್ಲದ ಬೇಸಾಯಕ್ಕೆ ಅದು ತೊಡಕಾಗುವುದು. ಈ ವಿಷಯದಲ್ಲಿ ಅನಮೋಡದ ಸೀಮೆಯು ಭಾಗ್ಯಶಾಲಿಯಾಗಿದೆ. ಹತ್ತು ಗುಂಟೆಯ ಹಸಿರುಮನೆಯ ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು ೧,೦೦೦ ಲೀಟರು ನೀರಾಗುವುದು. ಅಂಥ ಮನೆಯಲ್ಲಿ ಸುಮಾರು ೨,೫೦೦ ಗಿಡಗಳು ಹಿಡಿಯುವವು. ಬೇಸಿಗೆಯಲ್ಲಿ ಗಿಡ ಒಂದಕ್ಕೆ ದಿನಕ್ಕೆ ೨ ಲೀಟರಿನಂತೆ ೫,೦೦೦ ಲೀಟರು ಬೇಕು. ೫೦೦ ಮಿಲಿಮೀಟರು ಮಳೆಯ ನೀರನ್ನು ಹಾಳೆ ಹಾಸಿದ ಹೊಂಡದಲ್ಲಿ ಕೂಡಿಟ್ಟರೆ ೫ ಲಕ್ಷ ಲೀಟರಾಗಿ, ನೂರು ದಿನಗಳ ಬೇಸಿಗೆಗೆ ಸಾಕಾಗುವುದು. ಘಟ್ಟದ ಮೇಲೆ ಜುಲೈ ಒಂದೇ ತಿಂಗಳಿನಲ್ಲಿ ಇದಕ್ಕಿಂತ ಹೆಚ್ಚು ಮಳೆಯಾಗುವುದನ್ನು ಎಲ್ಲರೂ ಬಲ್ಲರು. ಹೊಂಡದ ಮೇಲೆ ನೆರಳು ಬಲೆಯಿದ್ದರೆ ನೀರು ಆವಿಯಾಗಿ ಹೋಗುವುದೂ ಪಾಚಿಯೂ ಕಡಿಮೆಯಾಗುವವು. ಮಳೆಯ ನೀರಿನಲ್ಲಿ ಸುಣ್ಣದ ಅಂಶವೂ ಮೆಗ್ನೀಸಿಯಂ ಅಂಶವೂ ಇಲ್ಲವಾದ್ದರಿಂದ, ಅವೆರಡನ್ನೂ ದ್ರಾವಣದ ಮೂಲಕವೇ ಪೂರ್ತಿಯಾಗಿ ಒದಗಿಸಬೇಕೆಂಬುದನ್ನು ಮರೆಯಕೂಡದು.

ಈ ಸೀಮೆಗೆ ಒಪ್ಪುವ ಬೆಳೆಯ ಕಾಲ

ಮೇಲಿನ ಸಂಗತಿಗಳನ್ನೆಲ್ಲಾ ಕೂಡಿಸಿ ನೋಡಿದರೆ, ಈ ಸೀಮೆಯಲ್ಲಿ ಮಘೆಯ ಮಳೆಯ ಆರಂಭದಲ್ಲಿ, ಅಂದರೆ ಆಗಸ್ಟ್ ಮಧ್ಯದಲ್ಲಿ, ತಟ್ಟೆಗಳಲ್ಲಿ ಬೀಜ ಹಾಕುವುದು ಉಚಿತವೆಂದು ಕಾಣುವುದು. ಒಂದು ತಿಂಗಳ ಸಸಿಗಳನ್ನು ಉತ್ತರೆಯ ಮಳೆಯಲ್ಲಿ ನಾಟಿಮಾಡಿದರೆ, ಚಿತ್ತೆಯ ಹೊತ್ತಿಗೆ ಮೊದಲ ಹೂವೂ ಡಿಸೆಂಬರಿನ ಆರಂಭಕ್ಕೆ ಮೊದಲ ಹಣ್ಣೂ ಬರುವವು. ನಾಟಿಗೆ ಮುಂಚೆ ಮಾಡಿನ ಹಾಳೆಯನ್ನು ತೊಳೆದು ಮಳೆಗಾಲದ ಪಾಚಿಯನ್ನು ತೆಗೆಯತಕ್ಕದ್ದು. ಮಾರ್ಚಿ ಮಧ್ಯದಲ್ಲಿ ಕೊನೆಯ ಗೊಂಚಲಿನ ಮೇಲೆ ಎರಡು ಎಲೆಗಳನ್ನು ಬಿಟ್ಟು ತುದಿಯನ್ನು ಚಿವುಟಿದರೆ, ಆ ಗೊಂಚಲಿನ ಹಣ್ಣು ಮೇ ತಿಂಗಳ ಕಡುಸೆಕೆಗೆ ಮುನ್ನವೇ ಕೈಗೆ ಬರುವುದು. ಅನಂತರ ಗಿಡಗಳನ್ನು ಕಿತ್ತು ಹೊರಗೆ ಸುಟ್ಟು, ಮನೆಯನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು ಮಳೆಗಾಲಕ್ಕೆ ಸಜ್ಜುಗೊಳಿಸಬೇಕು. ಮೂರು ತಿಂಗಳ ಮಳೆಯಲ್ಲಿ ಮನೆಯನ್ನು ಬರಿದಾಗಿ ಬಿಡಲು ಮನಸ್ಸಿಲ್ಲದವರು ಕೊತ್ತಂಬರಿ ಮೊದಲಾದ ಎಲೆಯ ಪಲ್ಯಗಳನ್ನಾಗಲಿ, ಮಾರಾಟದ ಸಸಿಗಳನ್ನಾಗಲಿ ಬೆಳೆಯಬಹುದು. ಎಲೆಯ ಬೆಳೆಗಳು ಹಣ್ಣಿನ ಬೆಳೆಗಳಷ್ಟು ಬೆಳಕನ್ನು ಬೇಡವು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬೆಲೆಯು ಏರುವುದು ಮಳೆಗಾಲದಲ್ಲಲ್ಲವೇ? ೨೦೨೩ ರ ಜುಲೈಯಲ್ಲಿ ದೇಶದ ಅನೇಕ ನಗರಗಳಲ್ಲಿ ಟೊಮೆಟೊ ಕಿಲೋ ಒಂದಕ್ಕೆ ೧೦೦ ರೂಪಾಯಿಗೂ ಮೀರಿ ಮಾರಾಟವಾದುದು ಎಲ್ಲರ ನೆನಪಿನಲ್ಲಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯುಂಟು. ಆದರೆ ಅದ�ೇ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಬೆಲೆಯು ನೆಲಕಚ್ಚಿದುದನ್ನೂ ನೆನೆಯಬೇಕು. ಅಂಥ ಗಾಳಿಯು ಪ್ರತಿ ವರ್ಷವೂ ಬೀಸುವುದಿಲ್ಲ; ಮನೆಯ ಸಾಲದ ಕಂತಾದರೋ ಪ್ರತಿ ವರ್ಷವೂ ಬರುವುದು. ಅರ್ಧ ಫಸಲು ಬಿರಿದು ಕೊಳೆತು, ಉಳಿದರ್ಧವು ಸಪ್ಪೆಯಾಗಿ, ಘಟ್ಟದ ರಸ್ತೆಯು ಕುಸಿದು ಗಾಡಿಗಳು ನಿಂತ ದಿನ ಏರಿದ ಬೆಲೆಯಿಂದ ಏನೂ ಪ್ರಯೋಜನವಾಗದು.

ಚಳಿಗಾಲದ ವಿಷಯದಲ್ಲಿಯೂ ಮೋಸಹೋಗಬಾರದು. ಆ ಕಾಲದಲ್ಲಿ ಬಯಲಿನ ಟೊಮೆಟೊ ಯಥೇಚ್ಛವಾಗಿ ಅಗ್ಗವಾಗಿ ಬರುವುದು. ಅದರೊಡನೆ ಒಂದೇ ರಾಶಿಯಲ್ಲಿ ಹಾಕಿ ಮಾರಿದರೆ ಹಸಿರುಮನೆಯ ಹಣ್ಣಿಗೆ ಬಿದ್ದ ಖರ್ಚೂ ಹುಟ್ಟುವುದಿಲ್ಲ. ಆದರೆ ಗೋವೆಗೆ ಪ್ರವಾಸಿಗಳು ಹೆಚ್ಚಾಗಿ ಬರುವುದು ನವೆಂಬರಿನಿಂದ ಫೆಬ್ರವರಿಯ ವರೆಗೆ. ಹಣ್ಣಿನ ಗುಣವು ಉತ್ತಮವಾಗಿರುವ ಕಾಲವೂ ಹೋಟೆಲುಗಳಿಗೆ ಒಳ್ಳೆಯ ಹಣ್ಣು ಬೇಕಾಗುವ ಕಾಲವೂ ಒಂದೇ ಆಗಿರುವುದು ಅನಮೋಡಕ್ಕೆ ದೊರೆತ ಅನುಕೂಲ. ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದ ಹಣ್ಣನ್ನೂ, ದ್ರಾಕ್ಷಿಯಂತೆ ಗೊಂಚಲಾಗಿ ಬಿಡುವ ಚೆರ್ರಿ ಟೊಮೆಟೊವನ್ನೂ ಮೊದಲೇ ಮಾತಾದ ಗಿರಾಕಿಗಳಿಗೆ ಕೊಡುವವರಿಗೆ ಲಾಭವುಂಟು. ಅಂಥ ಗಿರಾಕಿಯು ಗೊತ್ತಾಗದ ಹೊರತು ಮನೆಯನ್ನು ಕಟ್ಟತೊಡಗುವುದು ವಿವೇಕವಲ್ಲ.

ಮನೆಯನ್ನು ಕಟ್ಟುವ ಮುನ್ನ

ಮೊದಲನೆಯದಾಗಿ ಜಮೀನಿನ ಹಕ್ಕನ್ನೂ ಅರಣ್ಯದ ಗಡಿಯನ್ನೂ ನಿಶ್ಚಯಿಸಿಕೊಳ್ಳಬೇಕು. ಈ ಭಾಗವು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆಹೊರೆಯಾದ್ದರಿಂದ ಅರಣ್ಯ ಇಲಾಖೆಯವರ ಅಭಿಪ್ರಾಯವನ್ನು ಮೊದಲೇ ಪಡೆಯುವುದು ಕ್ಷೇಮ. ಕಾಡುಕೋಣ, ಮಂಗಗಳ ಹಾವಳಿಯಿಂದ ಹಾಳೆಗೆ ಒದಗುವ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದಾಗಿ ಮನೆಯು ಎತ್ತರವಾಗಿದ್ದು ತಾನಾಗಿಯೇ ಗಾಳಿಯಾಡುವಂಥದಾಗಿರಲಿ. ಮೇಲಿನ ಗಾಳಿಕಂಡಿಯು ಮಳೆಗಾಳಿ ಬೀಸುವ ನೈಋತ್ಯಕ್ಕೆ ಬೆನ್ನು ಮಾಡಿ ಮೂಡಣ ದಿಕ್ಕಿಗೆ ತೆರೆದಿರಬೇಕು. ಒದ್ದೆ ಪರದೆಯ ಮೂಲಕ ಫ್ಯಾನಿನಿಂದ ಗಾಳಿಯೆಳೆದು ತಂಪು ಮಾಡುವ ಏರ್ಪಾಡು ಒಣಹವೆಯ ಸೀಮೆಗಳಿಗೆ ಒಪ್ಪುವುದೇ ಹೊರತು, ಗಾಳಿಯೇ ತೇವವಾಗಿರುವ ಕಾಲದಲ್ಲಿ ಏನೂ ಕೆಲಸಕ್ಕೆ ಬಾರದು.

ಮೂರನೆಯದಾಗಿ, ಬರಿಯ ನೀರು ಹರಿಯುವ ಕೊಳವೆಗಳಲ್ಲಿ ಗಿಡ ನಿಲ್ಲಿಸುವ ಕ್ರಮಕ್ಕಿಂತ ಕೋಕೋಪೀಟು ತುಂಬಿದ ಚೀಲಗಳಲ್ಲಿ ಹನಿ ನೀರಾವರಿಯಿಂದ ಬೆಳೆಯುವ ಕ್ರಮವು ಇಲ್ಲಿಗೆ ಉತ್ತಮ. ಮರ ಬಿದ್ದು ವಿದ್ಯುತ್ತು ನಿಲ್ಲುವುದು ಕಾಡಿನ ಊರುಗಳಲ್ಲಿ ಹೊಸತಲ್ಲ. ಹರಿಯುವ ನೀರು ನಿಂತರೆ ಕೊಳವೆಯ ಗಿಡಗಳು ಕೆಲವೇ ಗಂಟೆಗಳಲ್ಲಿ ಬಾಡುವವು. ಚೀಲದ ಗಿಡಗಳು ಹೆಚ್ಚು ಹೊತ್ತು ತಾಳುವವು. ಎತ್ತರದ ತೊಟ್ಟಿಯಿದ್ದರೆ ವಿದ್ಯುತ್ತಿಲ್ಲದೆಯೂ ನೀರುಣಿಸಬಹುದು. ಕೋಕೋಪೀಟನ್ನು ಚೆನ್ನಾಗಿ ತೊಳೆದು ಅದರ ಉಪ್ಪನ್ನು ಕಳೆದ ಮೇಲೆಯೇ ಉಪಯೋಗಿಸಬೇಕು.

ತೋಟಗಾರಿಕೆ ಇಲಾಖೆಯ ಮೂಲಕ ಹಸಿರುಮನೆಗೆ ಸಹಾಯಧನವು ದೊರೆಯುವುದುಂಟು. ಆದರೆ ಅದು ಸರ್ಕಾರವು ನಿಗದಿಮಾಡಿದ ವೆಚ್ಚದ ಮೇಲೆ ಲೆಕ್ಕವಾಗುವುದೇ ಹೊರತು ಗುತ್ತಿಗೆದಾರನು ಹೇಳಿದ ವೆಚ್ಚದ ಮೇಲಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಈ ಸಂದರ್ಭದಲ್ಲಿ ನೆನಪಿಡತಕ್ಕದ್ದು.

ಕೊಯ್ಲು ಮತ್ತು ಪರೀಕ್ಷೆ

ದೂರಕ್ಕೆ ಕಳುಹಿಸುವ ಹಣ್ಣನ್ನು ತುದಿಯಲ್ಲಿ ನಸುಗೆಂಪು ಮೂಡಿದ ಕೂಡಲೇ, ಬೆಳಗಿನ ಇಬ್ಬನಿಯು ಆರಿದ ಮೇಲೆ ಕೊಯ್ಯಬೇಕು. ಬೇಸಿಗೆಯಲ್ಲಿ ಹೀಗೆ ಕೊಯ್ದು ೨೦ ರಿಂದ ೨೫ ಡಿಗ್ರಿಯ ತಂಪಾದ ನೆರಳಿನಲ್ಲಿ ಹಣ್ಣು ಮಾಡಿದರೆ, ಗಿಡದ ಮೇಲೆ ಬಾರದ ಕೆಂಪು ಬಣ್ಣವು ಬರುವುದು. ಪೂರ್ತಿಯಾಗಿ ಹಣ್ಣಾಗದ ಟೊಮೆಟೊವನ್ನು ೧೨ ಡಿಗ್ರಿಗಿಂತ ತಂಪಾದ ಶೀತಗೃಹದಲ್ಲಿಡಕೂಡದು; ಇಟ್ಟರೆ ಮುಂದೆ ಬಣ್ಣವೂ ರುಚಿಯೂ ಬಾರದೆ ಕೊಳೆಯುವುದು.

ಹಣ್ಣಿನ ಗುಣವನ್ನು ಪರೀಕ್ಷಿಸಲು ಎರಡು ಸುಲಭೋಪಾಯಗಳಿವೆ. ಒಂದು ಬಕೀಟು ನೀರಿನಲ್ಲಿ ಹಣ್ಣುಗಳನ್ನು ಹಾಕಿದರೆ ಟೊಳ್ಳಾದವು ತೇಲುವವು, ತಿರುಳು ತುಂಬಿದವು ಮುಳುಗುವವು. ರಿಫ್ರಾಕ್ಟೋಮೀಟರು ಎಂಬ ಕೈ ಉಪಕರಣದ ಗಾಜಿನ ಮೇಲೆ ಎರಡು ಹನಿ ರಸ ಹಾಕಿ ನೋಡಿದರೆ ಸಿಹಿಯ ಪ್ರಮಾಣವು ತಿಳಿಯುವುದು. ೪ ಕ್ಕಿಂತ ಕಡಿಮೆಯಿದ್ದರೆ ಸಪ್ಪೆ, ೫ ನ್ನು ಮೀರಿದರೆ ಉತ್ತಮ. ವಾರಕ್ಕೊಮ್ಮೆ ಈ ಎರಡನ್ನೂ, ದಿನವೂ ಒಳಗಿನ ಕಾವು ಮತ್ತು ತೇವವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಂದು ವರ್ಷದ ಬರಹವಿದ್ದರೆ, ಇಂದಿನ ಹಣ್ಣಿನ ದೋಷಕ್ಕೆ ಕಾರಣವಾದ ಏಳು ವಾರದ ಹಿಂದಿನ ದಿನವನ್ನು ಬೆರಳಿಟ್ಟು ತೋರಿಸಬಹುದು.

ಗ್ರಾಮದ ಹಿರಿಯರು ಹಸಿರುಮನೆಗಾಗಿ ಸಾಲ ಕೇಳಬಯಸುವ ತರುಣರಿಗೆ ಈ ಸಂಗತಿಗಳನ್ನು ತಿಳಿಯಹೇಳಬೇಕು. ಮೊದಲು ಎರಡು ಮೂರು ಗುಂಟೆಯ ಮನೆಯಲ್ಲಿ ಒಂದು ಪೂರ್ಣ ವರ್ಷ ಬೆಳೆದು, ಮೂರು ಋತುಗಳ ಹಣ್ಣನ್ನೂ ಕಣ್ಣಾರೆ ನೋಡಿ, ಅನಂತರವೇ ಹತ್ತು ಗುಂಟೆಗೆ ಕೈ ಹಾಕುವುದು ಯೋಗ್ಯ. ಭತ್ತದ ಗದ್ದೆಯಲ್ಲಿ ಮಳೆಯ ನಕ್ಷತ್ರವನ್ನು ಎಣಿಸಿ ಬೀಜ ಹಾಕುವ ರೈತನು ಹಸಿರುಮನೆಯೊಳಗೆ ಹೋದಾಗಲೂ ಆ ಎಣಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಹೋಗತಕ್ಕದ್ದಲ್ಲ.